ನಿಶ್ಮಿತಾ ಮಿಸ್ಸಿನ ಕ್ಲಾಸು

೨೦೧೫ರಲ್ಲಿ ಠಾಣೆ ಹತ್ತಿರದ ಮಹಾಪೆಯ ಆಫೀಸೊಂದರಲ್ಲಿ ಕೂತು ಬಿ.ಕಾಂ. ಮಕ್ಕಳಿಗೆ ಆನ್‌ಲೈನ್ ಪಾಠ ಮಾಡುತ್ತಿದ್ದೆ. ನಾನು ಪ್ರಶ್ನೆ ಕೇಳಿದರೆ ಸ್ಪೀಕರಿನಲ್ಲಿ ಬರೀ ಗೊರಗೊರ ಸದ್ದು. ಪಕ್ಕದ ಕೋಣೆಯ ನಿಶ್ಮಿತಾ ಕೇಳಿದರೆ ಮಾತ್ರ ಮಕ್ಕಳ ಉತ್ತರ, ನಗು ಪ್ಲೈವುಡ್ ಗೋಡೆ ದಾಟಿ ಬರುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅವಳೇ ಫೋನ್ ಮಾಡಿದಳು. "ಜಯಕ್ಕ, ಮುಂಬ್ರಾದಲ್ಲಿ ಲೋಕಲ್ ನಿಂತುಬಿಟ್ಟಿದೆ ಮಾರಾಯ್ರೆ. ನನ್ನ ಕ್ಲಾಸ್ ಸ್ವಲ್ಪ ಸುಧಾರಿಸ್ತೀರಾ?"

ಕುಣಿದುಕೊಂಡು ಹೋದೆ. ಎಸಿ ಹಾಕಿರಲಿಲ್ಲ, ಆದರೂ ಅವಳ ಕುರ್ಚಿ ತಣ್ಣಗೆ ಕೊರೆಯುತ್ತಿತ್ತು. ಸ್ಲೈಡು ತೆರೆದು ಇಂಗ್ಲಿಷಿನಲ್ಲಿ ಕೇಳಿದೆ, ಹಿಂದಿಯಲ್ಲಿ ಕೇಳಿದೆ. ಯಾರೂ ಉಸಿರೆತ್ತಲಿಲ್ಲ. ಸಿಟ್ಟಿನಲ್ಲಿ ಮನೆಯ ತುಳುವೇ ಬಾಯಿಗೆ ಬಂತು. "ಅರ್ಥ ಆಂಡಾ?"

"ಆಂಡ್ ಮಿಸ್!" ಆಯಿತು ಎಂದು ಇಡೀ ಕ್ಲಾಸು ತುಳುವಿನಲ್ಲೇ ಒಟ್ಟಿಗೆ ಕೂಗಿತು.

ಖುಷಿಯಿಂದ ಬೀಗಿದೆ. ಆಮೇಲೆ ಯೋಚನೆಯಾಯಿತು, ಕಲ್ಯಾಣ, ಠಾಣೆಯ ಮರಾಠಿ ಮಕ್ಕಳಿಗೆ ತುಳು ಎಲ್ಲಿಂದ ಬಂತು? ಸ್ಲೈಡು ಸರಿಸಿ ನೋಡಿದೆ. ಇನ್ನೂ ಒಬ್ಬರೂ ಲಾಗಿನ್ ಆಗಿರಲಿಲ್ಲ.

ಸ್ಪೀಕರಿನ ವೈರು ಕಿತ್ತೆ. ಆಗಲೂ ಒಂದು ದನಿ ಮೆಲ್ಲಗೆ, "ನಿಶ್ಮಿತಾ ಮಿಸ್ ಏಪ ಬರ್ಪೆರ್?" ಎಂದಿತು.

ಯಾವಾಗ ಬರುತ್ತಾರಂತೆ! ಮೈ ನಡುಗುವ ಮೊದಲೇ ನನ್ನ ಹೊಟ್ಟೆ ಉರಿಯಿತು. ಕಣ್ಣಿಗೆ ಕಾಣದ ಅವರಿಗೂ ಅವಳೇ ಬೇಕಿತ್ತು.