ಗೊತ್ತಿಲ್ಲದ್ದಕ್ಕೆಲ್ಲ ಸಿ

ವಿಜಯನಗರದ ಆ ಟ್ಯುಟೋರಿಯಲ್ ಮುಂದೆ ಈ ವರ್ಷವೂ ಫ್ಲೆಕ್ಸ್ ಎದ್ದಿತು. ರ‍್ಯಾಂಕ್ ಬಂದ ಮಕ್ಕಳ ಪುಟ್ಟ ಪುಟ್ಟ ಮುಖಗಳು, ಅವುಗಳ ಮೇಲೆ ಆಳೆತ್ತರಕ್ಕೆ ಮಾಲೀಕರ ಮುಖ. ಆ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದ ಮೋಹನ್ ಕುಮಾರ್ ಮೇಷ್ಟರು ಅದರ ಕೆಳಗೇ ದಿನಾ ಸ್ಕೂಟರ್ ನಿಲ್ಲಿಸಬೇಕಿತ್ತು. ಎಲ್ಲಾದರೂ ಒಂದಿಷ್ಟು ಜಾಗ ಸಿಕ್ಕಿದ್ದರೆ ತನ್ನದೇ ಹೆಸರಿನ ಬೋರ್ಡು ಹಾಕಬಹುದಿತ್ತು. ಆ ಆಸೆ ಅವರನ್ನು ಕೂರಲೂ ಬಿಡಲಿಲ್ಲ, ನಿಲ್ಲಲೂ ಬಿಡಲಿಲ್ಲ.

ಜಾಗ ಇದ್ದದ್ದು ದೊಡ್ಡಣ್ಣನವರ ಬಳಿ. ಬ್ಯಾಡರಹಳ್ಳಿಯಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರಂತಸ್ತಿನ ಕಟ್ಟಡ, ನೆಲಮಹಡಿ ಖಾಲಿ. ಮಗಳು ಕುಸುಮಾ ಮೇಷ್ಟರ ವಿದ್ಯಾರ್ಥಿನಿ. ಪ್ರವೇಶ ಪರೀಕ್ಷೆಯಲ್ಲಿ ಅವಳಿಗೆ ಎಂಜಿನಿಯರಿಂಗ್ ಸೀಟು ಸಿಗುತ್ತದೋ ಇಲ್ಲವೋ ಎಂದು ಅಪ್ಪ ಒಣಗಿಹೋಗಿದ್ದರು. ಸಿಕ್ಕೇ ಸಿಗುತ್ತದೆ ಎಂದು ಮೇಷ್ಟರಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳಲಿಲ್ಲ. ಪಾಪ ಶುರುವಾದದ್ದು ಅಲ್ಲಿಂದಲೇ.

"ಪರೀಕ್ಷಾ ಮಂಡಳಿ ಒಳಗೆ ನಮ್ಮವನೊಬ್ಬ ಇದಾನೆ," ಎಂದರು.

"ಸೀಟು ಕೊಡಿಸಿ ಮೇಷ್ಟ್ರೇ, ನೆಲಮಹಡಿ ನಿಮ್ದೇ. ಬಾಡಿಗೆ ಮಾತು ಎತ್ತಿದ್ರೆ ಕೇಳಿ," ಎಂದರು ದೊಡ್ಡಣ್ಣ.

ಒಳಗೆ ಯಾರೂ ಇರಲಿಲ್ಲ. ಇಲ್ಲದವನು ಸಿಕ್ಕಿಬೀಳುವುದಿಲ್ಲ, ಬಾಯಿ ಬಿಡುವುದಿಲ್ಲ. ಉಪಾಯದ ಸೊಗಸೇ ಅದು. ಕುಸುಮಾಗೆ ಅವರು ಹೇಳಿದ್ದು ಇಷ್ಟು: ಗೊತ್ತಿಲ್ಲದ ಪ್ರಶ್ನೆಗಳಿಗೆಲ್ಲ ಕಣ್ಣು ಮುಚ್ಚಿ 'ಸಿ' ತುಂಬು. ಆ ಸಾಲು ಕಂಡರೆ ಇದು ನಮ್ಮ ಹುಡುಗಿ ಅಂತ ಅವನಿಗೆ ಗುರುತು. ಕಂಪ್ಯೂಟರಿನಲ್ಲಿ ಮಾರ್ಕ್ಸು ಅವನು ನೋಡಿಕೊಳ್ಳುತ್ತಾನೆ.

ತಪ್ಪಿಗೆ ಅಂಕ ಕಳೆಯದ ಪರೀಕ್ಷೆ ಅದು. ಗೊತ್ತಿಲ್ಲದಲ್ಲೆಲ್ಲ ಒಂದೇ ಅಕ್ಷರ ತುಂಬಿದರೂ ನಾಲ್ಕರಲ್ಲಿ ಒಂದು ತಾನಾಗಿಯೇ ಸರಿಯಾಗುತ್ತದೆ. ಉಳಿದದ್ದು ಅವಳ ಓದು. ಸೀಟು ಅವಳ ಶ್ರಮಕ್ಕೆ ಸಿಗುತ್ತದೆ, ಅದರ ಪುಣ್ಯ ಆ ಇಲ್ಲದ ಮನುಷ್ಯನಿಗೆ ಹೋಗುತ್ತದೆ, ನೆಲಮಹಡಿ ತನಗೆ ಬರುತ್ತದೆ. ಯಾರಿಗೆ ನಷ್ಟ? ಮೇಷ್ಟರು ಎಷ್ಟು ಹುಡುಕಿದರೂ ನಷ್ಟವಾದವರು ಸಿಗಲಿಲ್ಲ.

ಪರೀಕ್ಷೆಯ ದಿನ ಗಣೇಶನ ಗುಡಿಯಲ್ಲಿ ತುಪ್ಪದ ದೀಪ ಹಚ್ಚಿ, ಹುಡುಗಿಗೆ ಜ್ವರ ಬಾರದಿರಲಿ ಎಂದಷ್ಟೇ ಬೇಡಿಕೊಂಡರು. ಮಿಕ್ಕದ್ದನ್ನು ದೇವರ ಮುಂದೆ ಎತ್ತಲಿಲ್ಲ. ಆಮೇಲೆ ರಾಜಾಜಿನಗರದ ಪರೀಕ್ಷಾ ಕೇಂದ್ರದ ಎದುರು ಒಂದು ಕಾಫಿ ಕುಡಿದರು, ಇನ್ನೊಂದನ್ನು ಅರ್ಧಕ್ಕೇ ಬಿಟ್ಟರು. ರಸ್ತೆ ದಾಟಿದರು, ಮತ್ತೆ ದಾಟಿ ಬಂದರು. ಮನಸ್ಸು ಮಾತ್ರ ಬ್ಯಾಡರಹಳ್ಳಿಯಲ್ಲಿ ಬೆಂಚುಗಳನ್ನು ಜೋಡಿಸುತ್ತಿತ್ತು.

"ಯಾಕೆ ಹಂಗೆ ಒದ್ದಾಡ್ತೀರಾ? ಪರೀಕ್ಷೆ ನಿಮ್ದಾ?" ದೊಡ್ಡಣ್ಣ ಕಾರಿಗೆ ಒರಗಿ ನಕ್ಕರು. "ನನ್ನ ನೋಡಿ, ಎಷ್ಟು ದಿನದ ಮೇಲೆ ನೆನ್ನೆ ನಿದ್ದೆ ಬಂತು. ಮಗೂನೂ ಪುಸ್ತಕ ಮುಚ್ಚಿಟ್ಟು ಮಲಗ್ತು."

ಮೇಷ್ಟರ ಕಾಲು ಅಲ್ಲೇ ನಿಂತಿತು. ಬೆಲ್ ಹೊಡೆಯಿತು. ಮಿಕ್ಕ ಮಕ್ಕಳು ಮುಖ ಬಾಡಿಸಿಕೊಂಡು, ಉತ್ತರ ತಾಳೆ ನೋಡುತ್ತಾ ಬಂದರು. ಕುಸುಮಾ ಮಾತ್ರ ಹಬ್ಬದ ಮನೆಯಿಂದ ಬಂದವಳಂತೆ ಬಂದಳು.

"ಹೇಗಿತ್ತಮ್ಮ ಪೇಪರು?"

"ಗೊತ್ತಿಲ್ಲ ಸಾರ್, ನಾನು ಓದ್ಲೇ ಇಲ್ಲ. ಗುರುತು ಚೆನ್ನಾಗಿ ಕಾಣ್ಲಿ ಅಂತ ಮೊದಲ್ನೇದ್ರಿಂದ ಕೊನೇದ್ರವರೆಗೂ ಸಿ ಹಾಕ್ಬಿಟ್ಟೆ. ನಿಮ್ಮವ್ರು ನೋಡ್ಕೋತಾರಲ್ಲ, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ಳೋದು?" ಇಲ್ಲದವನನ್ನು ಅವಳು ಇಷ್ಟೊಂದು ನಂಬಿಯಾಳು ಎಂಬುದೊಂದು ಮೇಷ್ಟರ ಲೆಕ್ಕಕ್ಕೆ ಬಂದಿರಲಿಲ್ಲ. ಕುಸುಮಾ ಗೇಟಿನ ಕಡೆ ತಿರುಗಿದಳು. ಅಲ್ಲಿ ಕೊಠಡಿಯ ಮೇಲ್ವಿಚಾರಕಿ, ಪಕ್ಕದಲ್ಲೊಬ್ಬ ಪೊಲೀಸನನ್ನು ನಿಲ್ಲಿಸಿಕೊಂಡು, ಇತ್ತ ಕೈ ತೋರಿಸುತ್ತಿದ್ದರು. "ಆ ಮೇಡಂ ನನ್ನ ಶೀಟ್ ನೋಡಿ, ಹೀಗೆ ಯಾರಮ್ಮ ಹೇಳಿದ್ದು ಅಂತ ಮೆಲ್ಲಗೆ ಕೇಳಿದ್ರು. ಇದು ಗುರುತು ಅಂದೆ, ನಿಮ್ಮ ಹೆಸರೂ ಹೇಳ್ದೆ. ಒಳಗಿರೋ ನಿಮ್ಮವ್ರ ಕಡೆಯವ್ರೇ ಅವ್ರು, ಅಲ್ವಾ ಸಾರ್?"