ಅಂಬಿಯ ಜಮ್ಮ

"ಜಮ್ಮಾ..."

ನ್ಯಾಮತಿ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಉಷಾರಾಣಿಯ ಕೈ ಕೊಸರಿಕೊಂಡು ಮಗಳು ಓಡಿದಳು. ಏಳು ತಿಂಗಳ ಹೊಟ್ಟೆ ಹೊತ್ತ ಉಷಾಗೆ ಹಿಂದೆ ಓಡಲಾಗಲಿಲ್ಲ.

"ಅಂಬೀ, ನಿಲ್ಲೇ..."

ಎರಡೂವರೆ ವರ್ಷದ ಅಂಬಿ ಹೋಗಿ ತಬ್ಬಿಕೊಂಡಿದ್ದು ಒಬ್ಬ ಅಪರಿಚಿತ ಹೆಂಗಸಿನ ಕಾಲನ್ನು.

ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸು. ತೆಳ್ಳಗಿನ ಮೈ, ಮಾಸಿದ ಹಸಿರು ಸೀರೆ. ಕೈಯಲ್ಲಿದ್ದ ಚೀಲವನ್ನು ಕೆಳಗೆ ಬಿಟ್ಟು ಆಕೆ ಅಂಬಿಯನ್ನು ಎತ್ತಿಕೊಂಡಳು. ಹೊಸದಾಗಿ ಕಂಡ ಮಗುವನ್ನು ಯಾರೂ ಹಾಗೆ ಎತ್ತಿಕೊಳ್ಳುವುದಿಲ್ಲ. ಅಂಬಿಯ ಕತ್ತಿನ ಸಂದಿಗೆ ಮುಖ ಒತ್ತಿ, ಕಣ್ಣು ಮುಚ್ಚಿ, ಸುತ್ತಲಿನ ಲೋಕವನ್ನೇ ಮರೆತು ನಿಂತಿದ್ದಳು.

ಅಂಬಿಯೋ, ಯಾರ ಹತ್ತಿರವೂ ಸುಲಭಕ್ಕೆ ಹೋಗುವ ಮಗುವಲ್ಲ. ಬಿಳಿಚೋಡಿನಿಂದ ಸ್ವಂತ ಸೋದರಮಾವ ಬಂದರೂ ಬಾಗಿಲ ಹಿಂದೆ ಅಡಗುವವಳು. ಈಗ ಆ ಹೆಂಗಸಿನ ಕಿವಿಯೋಲೆ ಹಿಡಿದು ಆಡುತ್ತಿದ್ದಳು.

ಆಕೆ ಕಣ್ಣು ತೆರೆದಳು. ಎದುರಿಗೆ ನಿಂತ ಉಷಾಳ ಮುಖ ನೋಡಿದಳು, ಆಮೇಲೆ ಹೊಟ್ಟೆ ನೋಡಿದಳು. ಅವಳ ಮುಖದ ಬಣ್ಣವೇ ಇಳಿದುಹೋಯಿತು.

"ಯಾರ್ರೀ ನೀವು? ನಮ್ಮ ಮಗು ನಿಮಗೆ ಹೆಂಗೆ ಗೊತ್ತು?"

ಅವಳ ನೋಟ ಉಷಾಳನ್ನು ದಾಟಿ ಹಿಂದೆ ಹೋಯಿತು. ಉಷಾ ತಿರುಗಿದಳು. ಬಾಳೆಹಣ್ಣು ತರಲು ಹೋಗಿದ್ದ ಗಂಡ ಓಬಳೇಶ್ ಅಲ್ಲಿ ನಿಂತಿದ್ದ. ಬೇಡ ಎನ್ನುವಂತೆ ಅವನು ತಲೆ ಅಲ್ಲಾಡಿಸಿದ್ದು ಉಷಾಳ ಕಣ್ಣಿಗೆ ಬಿತ್ತು. ತೀರಾ ಸಣ್ಣದಾಗಿ, ಒಂದೇ ಒಂದು ಸಲ.

"ತಗಳ್ರಿ ಅಕ್ಕಾ... ಜೋಪಾನ." ಆಕೆ ಅಂಬಿಯನ್ನು ಕೆಳಗಿಳಿಸಿ, ಚೀಲ ಎತ್ತಿಕೊಂಡು, ಹೊರಡಲು ನಿಂತಿದ್ದ ಸವಳಂಗದ ಬಸ್ಸು ಹತ್ತಿಬಿಟ್ಟಳು. ಅಂಬಿ ನೆಲದ ಮೇಲೆ ಬಿದ್ದು ಹೊರಳಾಡಿ ಅತ್ತಳು.

"ಯಾರ್ರೀ ಅದು?"

"ಯಾರೋ... ನನಗೇನು ಗೊತ್ತು? ಮಕ್ಳನ್ನ ಕಂಡ್ರೆ ಕೆಲವ್ರಿಗೆ ಆಸೆ."

ನಾಲ್ಕು ವರ್ಷದ ಸಂಸಾರದಲ್ಲಿ ಓಬಳೇಶ್ ಹೆಂಡತಿಯ ಮುಖ ನೋಡದೆ ಮಾತಾಡಿದ್ದು ಅದೇ ಮೊದಲು.

*

ಹೊನ್ನಾಳಿಯಲ್ಲಿ ಓಬಳೇಶನದು ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವ ಸಣ್ಣ ಅಂಗಡಿ. ಮನೆಯಲ್ಲಿ ಗಂಡ, ಹೆಂಡತಿ, ಮಗಳು, ಅತ್ತೆ ಕರಿಯಕ್ಕ. ಮಗಳ ಹೆಸರು ದುರ್ಗಾಂಬಿಕಾ, ಮುದ್ದಿಗೆ ಕರೆಯುವುದು ಅಂಬಿ ಎಂದು.

'ಜಮ್ಮ' ಎನ್ನುವ ಪದ ಉಷಾಗೆ ಹೊಸದಲ್ಲ. ಆರು ತಿಂಗಳಿಂದ ಅಂಬಿ ಅದನ್ನು ಹೇಳುತ್ತಲೇ ಇದ್ದಳು. ಊಟಕ್ಕೆ ಕೂತರೆ ಜಮ್ಮ, ನಿದ್ದೆ ಬಂದರೆ ಜಮ್ಮ. ಮೊಬೈಲಿನಲ್ಲಿ ನೋಡುವ ಯಾವುದೋ ಬೊಂಬೆಯ ಹೆಸರಿರಬೇಕೆಂದು ಉಷಾ ನಗುತ್ತಿದ್ದಳು.

ಈಗ ಆ ಪದಕ್ಕೆ ಒಂದು ಮುಖ ಬಂದಿತ್ತು, ಒಂದು ಹಸಿರು ಸೀರೆ ಬಂದಿತ್ತು.

ಪ್ರತಿ ತಿಂಗಳು ಎರಡನೇ ಭಾನುವಾರ ಓಬಳೇಶ್ ಮಗಳನ್ನು ಬೈಕಿನ ಮುಂದೆ ಕೂರಿಸಿಕೊಂಡು ಹೊರಡುತ್ತಿದ್ದ. "ಸವಳಂಗದ ಕಡೆ ಒಂದು ಮೋಟ್ರು ನೋಡಿ ಬರ್ತೀನಿ. ಅಂಬೀನೂ ಬರ್ಲಿ. ನೀನು ಮಲಕ್ಕೊಂಡು ಸುಧಾರಿಸ್ಕೋ" ಎನ್ನುತ್ತಿದ್ದ. ಬಸುರಿ ಹೆಂಡತಿಗೆ ಬಿಡುವು ಕೊಡುವ ಇಂಥ ಗಂಡ ಯಾರಿಗುಂಟು ಎಂದು ಉಷಾ ಪಕ್ಕದ ಮನೆಯ ಶಂಕರಮ್ಮನ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದಳು.

ಸವಳಂಗ... ಆ ಹೆಂಗಸು ಹತ್ತಿದ್ದೂ ಸವಳಂಗದ ಬಸ್ಸೇ.

ಮರುದಿನ ಅಂಬಿಗೆ ಎಣ್ಣೆ ಹಚ್ಚುತ್ತ ಉಷಾ ಮೆಲ್ಲಗೆ ಕೇಳಿದಳು.

"ಜಮ್ಮನ ಮನೇಲಿ ಏನೈತೆ ಕಂದಾ?"

"ಕೋಳಿ."

"ಮತ್ತೆ?"

"ಪಪ್ಪು ಅನ್ನ. ಜಮ್ಮ ತಿನ್ನಿತ್ತಾಳೆ."

"ಅಪ್ಪ ಅಲ್ಲಿ ಏನು ಮಾಡ್ತಾನೆ?"

ಅಂಬಿ ಎರಡೂ ಕೈಯಿಂದ ಕಣ್ಣು ಉಜ್ಜಿಕೊಂಡು ತೋರಿಸಿದಳು.

"ಅಪ್ಪ ಅತ್ತ."

ಉಷಾಳ ಕೈ ನಿಂತುಹೋಯಿತು. ಓಬಳೇಶ್ ಅಳುವುದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ತನ್ನೆದುರು ಅಳದವನು ಇನ್ನೊಬ್ಬಳ ಮನೆಯಲ್ಲಿ ಅಳುತ್ತಾನೆ ಎಂದರೆ... ಅದಕ್ಕೆ ಏನೆಂದು ಅರ್ಥ?

ಅತ್ತೆಯನ್ನೂ ಕೇಳಿ ನೋಡಿದಳು. "ಅತ್ತೆ, ಈ ಜಮ್ಮ ಅಂದ್ರೆ ಯಾರು?"

ಸೊಪ್ಪು ಸೋಸುತ್ತಿದ್ದ ಕರಿಯಕ್ಕ ತಲೆ ಎತ್ತಲಿಲ್ಲ. "ಹುಡ್ಗಿ ಏನೋ ಗೊಣಗ್ತೈತೆ. ಬಸುರಿ ಹೆಂಗ್ಸು ಇಲ್ಲದ್ದೆಲ್ಲ ತಲೆಗೆ ಹಚ್ಕೋಬಾರದು ಕಣವ್ವ."

ಅತ್ತೆಗೂ ಗೊತ್ತು. ಎರಡೂವರೆ ವರ್ಷದ ಮಗುವಿಗೂ ಗೊತ್ತು. ಈ ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ ಎಂದುಕೊಂಡಳು ಉಷಾ.

ಅಂದಿನಿಂದ ಅವಳು ಗಂಡನ ಅಂಗಿ ಒಗೆಯುವ ಮುಂಚೆ ಮೂಸಿ ನೋಡತೊಡಗಿದಳು. ಅವನ ಫೋನು ಬಡಿದಾಗಲೆಲ್ಲ ಕಿವಿ ಅತ್ತ ಹೋಗುತ್ತಿತ್ತು. ಅಂಬಿಯ ಹೊಸ ಫ್ರಾಕು ಅಂಗಡಿಯದೆಂದು ಓಬಳೇಶ್ ಹೇಳಿದ್ದ. ಒಳಮಗ್ಗುಲು ತಿರುಗಿಸಿ ನೋಡಿದರೆ ಕೈಹೊಲಿಗೆ. ಮಗುವಿನ ಮೈಗೆ ಚುಚ್ಚದಂತೆ ಒಂದೊಂದು ಅಂಚನ್ನೂ ಮಡಿಸಿ ಹೊಲಿದಿದ್ದಳು ಆ ಪುಣ್ಯಾತ್ಗಿತ್ತಿ.

ಆ ಪ್ರೀತಿಯೇ ಉಷಾಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

*

ಎರಡು ವಾರ ಕಳೆದು, ಒಂದು ಮಂಗಳವಾರ ಮಧ್ಯಾಹ್ನ ಓಬಳೇಶ್ ಊಟಕ್ಕೆ ಬರಲಿಲ್ಲ. ಉಷಾ ಬುತ್ತಿ ಕಟ್ಟಿಕೊಂಡು ತಾನೇ ಅಂಗಡಿಗೆ ಹೋದಳು. ಅವನು ಒಳಗೆ ಬೆನ್ನು ಹಾಕಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದ.

"ಅಂಜಮ್ಮ, ಹೆರಿಗೆ ಹೊತ್ತಿಗೆ ನೀನು ಬಂದೇ ಬರಬೇಕು. ಹುಟ್ಟಿದ ಕೂಡ್ಲೆ ಕೂಸು ನಿನ್ನ ಕೈಗೇ ಬರಬೇಕು... ಇಲ್ಲ, ಉಷಾಗೆ ಈಗ್ಲೇ ಏನೂ ಗೊತ್ತಾಗೋದು ಬ್ಯಾಡ."

ಅಂಜಮ್ಮ. ಜಮ್ಮ.

ಉಷಾ ಬುತ್ತಿಯನ್ನು ಮೆಟ್ಟಿಲ ಮೇಲಿಟ್ಟು ಸದ್ದಿಲ್ಲದೆ ತಿರುಗಿದಳು. ದಾರಿಯುದ್ದಕ್ಕೂ ಹೊಟ್ಟೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡೇ ನಡೆದಳು. ಯಾರೋ ಕಿತ್ತುಕೊಳ್ಳಲು ಬರುತ್ತಿದ್ದಾರೆ ಎನ್ನುವಂತೆ.

ಅಂಬಿ ಹುಟ್ಟಿದಾಗ ಉಷಾಗೆ ಬಿ.ಪಿ. ಏರಿ ಫಿಟ್ಸ್ ಬಂದಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಅವಳಿಗೆ ಈ ಲೋಕದ ಅರಿವೇ ಇರಲಿಲ್ಲ. ಆ ದಿನಗಳ ಬಗ್ಗೆ ಕೇಳಿದರೆ ಮನೆಯವರು ಹೇಳುತ್ತಿದ್ದುದು ಒಂದೇ ಮಾತು. "ಕೂಸಿಗೆ ಡಬ್ಬಿ ಹಾಲು ಹಾಕಿದ್ವಿ. ದೇವರು ದೊಡ್ಡವನು."

ಆ ಒಂಬತ್ತು ದಿನದಲ್ಲಿ ಏನು ನಡೆಯಿತು? ಈ ಸಲ ನನಗೇನಾದರೂ ಆದರೆ ನನ್ನ ಮಕ್ಕಳಿಗೆ ಅಮ್ಮ ಯಾರೆಂದು ಇವರು ಈಗಲೇ ತೀರ್ಮಾನ ಮಾಡಿಬಿಟ್ಟಿದ್ದಾರಾ?

ಮರುದಿನ ಬೆಳಿಗ್ಗೆ ಓಬಳೇಶ್ ಅಂಗಡಿಗೆ ಹೋದ ಮೇಲೆ ಉಷಾ ಮಗಳಿಗೆ ಫ್ರಾಕು ಹಾಕಿ, ಆಧಾರ್ ಕಾರ್ಡ್ ತೆಗೆದುಕೊಂಡು ಬಸ್ಸು ಹತ್ತಿದಳು. ಅತ್ತೆಗೆ ಹೇಳಲಿಲ್ಲ.

ಸವಳಂಗದಲ್ಲಿ ಇಳಿದಾಗ ಯಾರನ್ನು ಕೇಳುವುದೆಂದು ಹೊಳೆಯಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಅಂಬಿ ಅವಳ ಬೆರಳು ಹಿಡಿದು ಎಳೆದಳು.

"ಇತ್ತ ಬಾ. ಜಮ್ಮ ಮನೆ ಇತ್ತ."

ಗಿರಣಿ ದಾಟಿ, ನಲ್ಲಿಯ ಹತ್ತಿರ ತಿರುಗಿ, ಒಂದು ಸಣ್ಣ ಓಣಿಯೊಳಗೆ ಮಗಳು ತಾಯಿಯನ್ನು ಕರೆದುಕೊಂಡು ಹೋದಳು. ಮಗುವಿಗೆ ಇಷ್ಟು ಚೆನ್ನಾಗಿ ದಾರಿ ಗೊತ್ತಿತ್ತು.

*

ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದ ಅಂಜಮ್ಮ ಉಷಾಳನ್ನು ಕಂಡು ಎದ್ದು ನಿಂತಳು. ಒಳಗಿನಿಂದ ಅವಳ ಗಂಡ ಕಲ್ಲೇಶ್ ಬಂದ. ಒಂದು ಗಳಿಗೆ ನೋಡಿ, ಫೋನು ತೆಗೆದುಕೊಂಡು ಓಣಿಯ ಕಡೆ ನಡೆದ.

"ಕೂತ್ಕೊಳ್ರಿ ಅಕ್ಕಾ. ನೀರು ತರ್ಲಾ?"

"ನೀರು ಕುಡಿಯಾಕೆ ಬಂದಿಲ್ಲ ನಾನು. ನನ್ನ ಗಂಡನಿಗೂ ನಿನಗೂ ಏನು?"

ಅಂಜಮ್ಮ ಬೆರಗಿನಿಂದ ಅವಳನ್ನೇ ನೋಡಿದಳು. "ಗೊತ್ತಾಗೇ ಬಂದ್ರಿ ಅಂದ್ಕೊಂಡೆ. ಓಬಳೇಶಣ್ಣ ಇನ್ನೂ ಹೇಳ್ಲಿಲ್ವಾ?"

ಅಣ್ಣ ಎಂಬ ಮಾತಿಗೆ ಉಷಾ ಸ್ವಲ್ಪ ತಡವರಿಸಿದಳು. "ಏನು ಹೇಳಬೇಕಿತ್ತು?"

ಅಂಜಮ್ಮ ಕೆಳಗೆ ಕೂತಳು. ಅಂಬಿ ಬಂದು ಅವಳ ತೊಡೆ ಏರಿದಳು.

"ನೀವು ಐ.ಸಿ.ಯು.ದಾಗೆ ಇದ್ರಿ. ಹೊರಗಿನ ವಾರ್ಡಿನಾಗೆ ನಾನಿದ್ದೆ. ನನ್ನ ಕೂಸು ಹುಟ್ಟಿ ಒಂದು ದಿನಕ್ಕೆ ಹೋತು ಅಕ್ಕಾ... ಗಂಡು. ಎದೆ ಕಟ್ಟಿ ಕಲ್ಲಾಗಿತ್ತು. ಹಾಲು ನಿಲ್ಲಾಕೆ ಮಾತ್ರೆ ಕೊಟ್ಟಿದ್ರು. ಮಾತ್ರೆ ಕೈಯಾಗೇ ಇತ್ತು, ಆಗ ಈ ಹುಡ್ಗಿ ಅಳೋದು ಕೇಳಿಸ್ತು. ಡಬ್ಬಿ ಹಾಲು ಹಾಕಿದಷ್ಟೂ ಕಕ್ಕತಿತ್ತು. ನಿಮ್ಮತ್ತೆ ಎತ್ಕೊಂಡು ವರಾಂಡದಾಗೆ ಓಡಾಡ್ತಿದ್ರು. ನರ್ಸಮ್ಮನ್ನ ಕೇಳಿದೆ. ಅವರು ಡಾಕ್ಟರನ್ನ ಕೇಳಿ ಬಂದು ಹೂಂ ಅಂದ್ರು. ಒಂಬತ್ತು ದಿನ ನಾನೇ ಕುಡಿಸ್ದೆ."

ಉಷಾ ಹಾಗೇ ಕಟ್ಟೆಯ ಮೇಲೆ ಕುಸಿದು ಕೂತಳು.

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತನ್ನ ಎದೆಯಲ್ಲಿ ಆಮೇಲೂ ಹಾಲು ಸರಿಯಾಗಿ ಇಳಿದಿರಲಿಲ್ಲ. ಮಗಳ ಮೊದಲ ಗುಟುಕು ತನ್ನದಲ್ಲವೆಂದು ಅತ್ತ ದಿನಗಳಿದ್ದವು. ಆದರೆ ಡಬ್ಬಿಯ ಮೇಲೆ ಯಾರು ಹೊಟ್ಟೆಕಿಚ್ಚು ಪಡುತ್ತಾರೆ? ಈಗ ಆ ಡಬ್ಬಿಯ ಜಾಗದಲ್ಲಿ ಕಣ್ಣು ಮೂಗು ಇರುವ ಒಬ್ಬ ಹೆಂಗಸು ಕೂತಿದ್ದಳು.

"ಮತ್ತೆ ಅವರು ಯಾಕೆ ಮುಚ್ಚಿಟ್ರು? ಇಲ್ಲಿ ಬಂದು ಯಾಕೆ ಅಳ್ತಾರೆ?"

"ಅದನ್ನ ನಾನು ಹೇಳಬಾರದು." ಅಂಜಮ್ಮ ಅಂಬಿಯ ತಲೆ ನೇವರಿಸಿದಳು. "ಮೋಟ್ರು ರಿಪೇರಿಗೆ ಬಂದಾಗ ಆರು ತಿಂಗಳ ಕೆಳಗೆ ಸಿಕ್ರು. ಕೂಸು ಹೆಂಗೈತಣ್ಣ ಅಂತ ಕೇಳ್ದೆ. ಒಂದ್ಸಲ ತೋರಿಸ್ರಿ ಅಂದೆ. ತಪ್ಪು ನಂದೇ. ನೀವು ಬ್ಯಾಡ ಅಂದ್ರೆ ಇವತ್ತಿಗೇ ಬಿಡ್ತೀನಿ ಅಕ್ಕಾ."

ಹೇಳಿದವಳು ಅಂಬಿಯನ್ನು ಇನ್ನಷ್ಟು ಎದೆಗೆ ಅವಚಿಕೊಂಡಳು.

*

ಮುಕ್ಕಾಲು ಗಂಟೆಯಲ್ಲಿ ಓಬಳೇಶನ ಬೈಕು ಬಂದು ನಿಂತಿತು. ಮೈಯೆಲ್ಲ ಬೆವರು, ಕೈಯಲ್ಲಿ ಇನ್ನೂ ಗ್ರೀಸು. ಅಂಜಮ್ಮ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

"ಉಷಾ, ಒಬ್ಳೇ ಇಷ್ಟು ದೂರ..."

"ಸುಳ್ಳು ಹೇಳಿದ್ರಿ ನೀವು. ನಿಮ್ಮ ಬಗ್ಗೆ ಏನೇನು ಅಂದ್ಕೊಂಡೆ ಗೊತ್ತಾ? ಅಂಗಿ ಮೂಸಿ ನೋಡಿದೀನಿ. ನನ್ನ ಕೂಸನ್ನ ಬೇರೆಯವ್ರಿಗೆ ಕೊಟ್ಟುಬಿಡ್ತೀರಿ ಅಂತ ಹೆದರಿಕಂಡಿದ್ದೆ. ಹಾಲು ಕುಡಿಸಿದ್ಲು ಅನ್ನಾಕೆ ಇಷ್ಟು ಕಷ್ಟ ಐತಾ?"

ಓಬಳೇಶ್ ಅವಳ ಪಕ್ಕ ಕೂರಲಿಲ್ಲ. ಎದುರಿಗೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ.

"ಹಾಲಿನ ಮಾತು ಹೇಳಿದ್ರೆ ಉಳಿದಿದ್ದೂ ಹೇಳಬೇಕಾಗ್ತಿತ್ತು."

"ಏನದು?"

ಅವನು ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡ.

"ಆ ಒಂಬತ್ತು ದಿನ ನಾನು ಅಂಬೀನ ಮುಟ್ಟಲಿಲ್ಲ ಉಷಾ. ಅವ್ವ ತಂದು ತೋರಿಸಿದ್ರೆ ಮುಖ ಆಕಡೆ ಮಾಡ್ತಿದ್ದೆ. ನೀನು ಒಳಗೆ ಸಾಯಾಕೆ ಬಿದ್ದಿದ್ದೆ... ಈ ಕೂಸಿಂದಲೇ ಅಂತ ಅನ್ನಿಸ್ತಿತ್ತು. ಹಾಲು ಕುಡೀತೋ ಇಲ್ವೋ ಅಂತ ಒಂದು ಮಾತು ಕೇಳ್ಲಿಲ್ಲ. ತನ್ನ ಕೂಸು ಕಳಕೊಂಡೋಳು ಬಂದು ನನ್ನ ಕೂಸಿನ ಹೊಟ್ಟೆ ತುಂಬಿಸಿದ್ಲು. ಅಪ್ಪ ಅನ್ನಿಸ್ಕೊಂಡ ನಾನು ವರಾಂಡದಾಗೆ ಗೋಡೆ ನೋಡ್ಕೊಂಡು ಕೂತಿದ್ದೆ."

ಅವನ ದನಿ ಒಡೆಯಿತು.

"ಇಲ್ಲಿಗೆ ಬಂದು, ಅಂಬಿ ಅವಳ ಕೈಯಾಗೆ ಉಣ್ಣೋದು ನೋಡಿದ್ರೆ ಅದೆಲ್ಲ ನೆನಪಾಗ್ತೈತೆ. ಈಗ ಮತ್ತೆ ನಿನಗೆ ಹೆರಿಗೆ. ಡಾಕ್ಟರಮ್ಮ ಬಿ.ಪಿ. ಸರಿ ಐತೆ ಅಂತಾರೆ. ನಂಬಾಕೆ ಆಗವಲ್ದು. ಮತ್ತೆ ಹಂಗಾದ್ರೆ, ಮತ್ತೆ ನಾನು ಹಂಗೇ ಆಗಿಬಿಟ್ರೆ ಕೂಸಿಗೆ ಒಬ್ಬರಾದ್ರೂ ಇರ್ಲಿ ಅಂತ ಅಂಜಮ್ಮನ್ನ ಕರೆದಿದ್ದೆ."

ಉಷಾ ಅವನನ್ನೇ ನೋಡಿದಳು. ಹದಿನೈದು ದಿನದಿಂದ ಅವಳು ಹುಡುಕುತ್ತಿದ್ದುದು ಇನ್ನೊಬ್ಬಳನ್ನು ಪ್ರೀತಿಸುವ ಗಂಡನನ್ನು. ಸಿಕ್ಕವನು ಹೆಂಡತಿಯನ್ನು ಕಳೆದುಕೊಳ್ಳುವ ಭಯದಲ್ಲಿ ಕರುಳಕುಡಿಯನ್ನೇ ದೂರ ಮಾಡಿದ್ದ ಗಂಡ. ಸಿಟ್ಟು ಬಂತು, ನೋವಾಯಿತು. ಆದರೂ ಅವಳ ಕೈ ತಾನಾಗಿಯೇ ಅವನ ಕೂದಲಿಗೆ ಹೋಯಿತು.

"ಇಲ್ಲಿ ನೋಡ್ರಿ."

ಅವನು ತಲೆ ಎತ್ತಿದ.

"ನನಗೇನೂ ಆಗಲ್ಲ. ಆದ್ರೂ ಒಂದು ಮಾತು. ಹಂಗೇನಾದ್ರೂ ಆದ್ರೆ, ಮೊದ್ಲು ಕೂಸನ್ನ ಎತ್ಕೊಳ್ರಿ. ಎದೆಗೆ ಹಾಕ್ಕೊಳ್ರಿ. ಆಮೇಲೆ ಎಷ್ಟು ಬೇಕಾದ್ರೂ ಅಳ್ರಿ."

"ಎತ್ಕೊಂತೀನಿ."

"ಇನ್ನೊಂದು. ಅಳು ಬಂದ್ರೆ ಸವಳಂಗದ ತನಕ ಬರಬ್ಯಾಡ್ರಿ. ಮನೇಲಿ ನಾನಿದೀನಿ."

ಅವನು ಅವಳ ಅಂಗೈಯನ್ನು ಮುಖಕ್ಕೆ ಒತ್ತಿಕೊಂಡ. ಆ ಕೈ ಒದ್ದೆಯಾಯಿತು.

ಊಟ ಮಾಡದೆ ಹೋಗಲು ಅಂಜಮ್ಮ ಬಿಡಲಿಲ್ಲ. ಅಂಬಿ ಅವಳ ಕೈತುತ್ತು ತಿನ್ನುವುದನ್ನು ಉಷಾ ನೋಡಿದಳು. ಎದೆಯ ಮೂಲೆಯಲ್ಲಿ ಸಣ್ಣಗೆ ಚುಚ್ಚಿತು. ಅದು ಪೂರ್ತಿ ಹೋಗಲು ಇನ್ನೂ ದಿನ ಹಿಡಿಯುತ್ತದೆ ಎಂದು ಅವಳಿಗೂ ಗೊತ್ತಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು.

"ಅಂಜಮ್ಮ, ಹೆರಿಗೆಗೆ ಬಾ. ಅವರು ಕರೆದಿದ್ದು ಬಿಡು. ಈಗ ನಾನು ಕರೀತಿದೀನಿ."

ಅಂಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದಳು.

ಬೈಕನ್ನು ಕಲ್ಲೇಶನ ಹತ್ತಿರ ಬಿಟ್ಟು ಓಬಳೇಶ್ ಹೆಂಡತಿಯ ಜೊತೆ ಬಸ್ಸು ಹತ್ತಿದ. ಅಂಬಿ ಇಬ್ಬರ ತೊಡೆಯ ಮೇಲೂ ಚಾಚಿಕೊಂಡು ನಿದ್ದೆ ಹೋದಳು.

"ಇನ್ನೂ ಸಿಟ್ಟೈತಾ?" ಅವನು ಮೆಲ್ಲಗೆ ಕೇಳಿದ.

"ಐತೆ."

"ಎಲ್ಲೀತನಕ?"

ಉಷಾ ಕಿಟಕಿಯಾಚೆ ನೋಡುತ್ತ ಹೇಳಿದಳು. "ಹೊನ್ನಾಳಿ ಬರೋತನಕ."

"ಹಂಗಾದ್ರೆ ಡ್ರೈವರಿಗೆ ಸ್ವಲ್ಪ ಜೋರು ಓಡ್ಸಾಕೆ ಹೇಳ್ಲಾ?"

ಅವಳು ನಗು ತಡೆದುಕೊಂಡು, ತಲೆಯನ್ನು ಅವನ ಭುಜಕ್ಕೆ ಆನಿಸಿದಳು.

"ಬ್ಯಾಡ. ಮೆಲ್ಲಗೇ ಹೋಗ್ಲಿ."