ಹದಿನಾಲ್ಕು ಹವಳಗಳ ಲೆಕ್ಕ

"ಗಾಳಿ ಏಳೋ ಮೊದ್ಲು ಇಪ್ಪತ್ತು ಹವಳ ನೋಡ್ಕೊಂಡು ವಾಪಸ್ ಬರ್ಬೇಕು, ಅಷ್ಟೇ," ಎಂದಳು ರೊಸೆಂಡಾ, ದೋಣಿಯನ್ನು ನೀರಿಗೆ ತಳ್ಳುತ್ತ.

ರೊಸೆಂಡಾ ಬುಗ್ನಾವ್, ದ್ವೀಪದ ಸಂತೆಯಲ್ಲಿ ಒಣಮೀನು ಮಾರುವವಳು. ನಾಲ್ಕು ತಿಂಗಳಿಂದ ಅವಳೂ ನಿವೃತ್ತ ಅಂಚೆಯವ ಡೆಲ್ಫಿನ್ ಅಜ್ಜನೂ ತಿಂಗಳಿಗೊಮ್ಮೆ ಹವಳದ ದಿಬ್ಬದ ಮೇಲೆ ಮುಳುಗಿ, ಹವಳದ ಪಕ್ಕ ಬಣ್ಣದ ಪಟ್ಟಿ ಹಿಡಿದು, ಅಂಕ ಬರೆದು ನಗರದ ಸಂಶೋಧಕರಿಗೆ ಕಳಿಸುತ್ತಿದ್ದರು. ಆರು ಎಂದರೆ ಕಡುಕಂದು, ಆರೋಗ್ಯ. ಒಂದು ಎಂದರೆ ಬಿಳಿ, ಸಾವಿನ ಅಂಚು. ಸಂಬಳ ಗಿಂಬಳ ಇಲ್ಲ. ಇಷ್ಟು ದೊಡ್ಡ ಕಡಲನ್ನು ನೋಡಿಕೊಳ್ಳಲು ಓದಿದವರ ಕಣ್ಣಷ್ಟೇ ಸಾಲದು ಎಂದು ಆ ಸಂಶೋಧಕರೇ ಕೇಳಿಕೊಂಡಿದ್ದರು.

"ಸಾಯ್ತಿರೋರ ನಾಡಿ ಹಿಡ್ಕೊಂಡು ನಿಂಗೇನು ಸಿಗುತ್ತೆ?" ಚುಕ್ಕಾಣಿ ಹಿಡಿದಿದ್ದ ಅಕ್ಕನ ಗಂಡ ತಿಬುರ್ಸಿಯೊ ಗೊಣಗಿದ.

"ಯಾವಾಗ ಹೋಯ್ತು ಅಂತಾದ್ರೂ ಗೊತ್ತಾಗ್ಬೇಡ್ವಾ, ಭಾವ?"

ದಿಬ್ಬದ ಮೇಲಿನ ನೀರು ಗಂಜಿಯ ಹಾಗೆ ಬೆಚ್ಚಗಿತ್ತು. ಕನ್ನಡಕ ಹಾಕಿ ಮುಳುಗಿದರೆ ಕಣ್ಣು ಹರಿದಷ್ಟು ದೂರ ಬಿಳುಪು. ಜಿಂಕೆಯ ಕೊಂಬಿನಂಥವು, ಎಲೆಕೋಸಿನಂಥವು, ಅವಳ ತಾಯಿಯ ಕಾಲದಿಂದ ನಿಂತ ಬಂಡೆಗಾತ್ರದವು, ಎಲ್ಲವೂ ಸುಣ್ಣ ಬಳಿದಂತೆ. ಮೀನುಗಳ ಸುಳಿವಿಲ್ಲ. ಹಗ್ಗ ಹಾಸಿ, ಅದರ ಉದ್ದಕ್ಕೂ ಅಳೆಯತೊಡಗಿದರು. ಒಂದು. ಒಂದು. ಎರಡು. ಮತ್ತೆ ಒಂದು.

ಹದಿನಾಲ್ಕನೆಯದು ಮುಗಿಯುವಷ್ಟರಲ್ಲಿ ಮೇಲಿನ ಬೆಳಕು ಆರಿತು.

"ಹತ್ರೀ ಮೇಲೆ! ಗಾಳಿ ಬಂತು!" ದೋಣಿಯಿಂದ ತಿಬುರ್ಸಿಯೊ ಕೂಗಿದ.

ಸೆಳೆತ ಡೆಲ್ಫಿನ್ ಅಜ್ಜನನ್ನು ಎಳೆದೊಯ್ಯುತ್ತಿತ್ತು. ರೊಸೆಂಡಾ ಕೈಯಲ್ಲಿದ್ದ ಬರೆಯುವ ಹಲಗೆಯನ್ನು ಬಿಟ್ಟು ಈಜಿದಳು. ಅಂಗಿಯ ಕೊರಳು ಸಿಕ್ಕಿತು. ಎಳೆದಳು. ತಿಬುರ್ಸಿಯೊ ಅಜ್ಜನ ಎರಡೂ ತೋಳು ಹಿಡಿದು ದೋಣಿಗೆ ಎತ್ತಿಹಾಕಿದ.

"ಹಲಗೆ?" ಅಜ್ಜ ಉಪ್ಪುನೀರು ಕಾರುತ್ತಲೇ ಕೇಳಿದ.

ಅವಳು ಉಸಿರು ತುಂಬಿಕೊಂಡು ಮತ್ತೆ ಮುಳುಗಿದಳು. ನೀರು ಕಲಕಿತ್ತು. ಕಿವಿ ಸಿಡಿಯಿತು. ಬಂಡೆಯೊಂದರ ಚಾಚಿನಡಿ ಹಲಗೆ ಸಿಕ್ಕಿಕೊಂಡಿತ್ತು. ಅದರ ಪಕ್ಕ, ನೆರಳಲ್ಲಿ, ಮುಷ್ಟಿಯಷ್ಟು ಹವಳ. ಕಂದು ಬಣ್ಣದ್ದು. ಹಲಗೆ ಕಿತ್ತುಕೊಂಡು ಮೇಲೆದ್ದವಳು ದೋಣಿ ಹತ್ತುತ್ತಲೇ ಅದನ್ನು ಹೇಳಿದಳು.

ದೋಣಿ ಒಂದು ಅಲೆಗೆ ಏಳುತ್ತ, ಇನ್ನೊಂದಕ್ಕೆ ಬೀಳುತ್ತ ದಡದತ್ತ ಹೊರಟಿತು. ದೋಣಿ ಮಗುಚದಂತೆ ಬದಿಗೆ ಕಟ್ಟಿದ್ದ ಬಿದಿರೊಂದು ಮುರಿಯಿತು. ಅಜ್ಜ ಡಬ್ಬಿಯಿಂದ ನೀರು ಮೊಗೆದು ಚೆಲ್ಲುತ್ತಲೇ ಇದ್ದ.

ತನ್ನ ಒಣಮೀನಿನ ಅಂಗಡಿಯ ಮಾಡಿನಡಿ ನಡುಗುತ್ತ ಕೂತು ರೊಸೆಂಡಾ ಅಂಕಗಳನ್ನು ಕಾಗದಕ್ಕೆ ಇಳಿಸಿದಳು. ಕೊನೆಯ ಆರು ಸಾಲು ಖಾಲಿ.

"ಒಂದು ಅಂತ ಗೀಚಿಬಿಡು. ಎಲ್ಲ ಬಿಳೀನೇ ಅಲ್ವಾ?" ಎಂದ ತಿಬುರ್ಸಿಯೊ.

"ನೋಡ್ದೇ ಇದ್ದಿದ್ದನ್ನ ಬರೆಯಲ್ಲ."

"ಹಾಗಾದ್ರೆ ಆ ಕಂದು ಬಣ್ಣದ್ದನ್ನಾದ್ರೂ ಸೇರ್ಸಮ್ಮ," ಅಜ್ಜನ ದನಿಯಲ್ಲಿ ಆಸೆಯಿತ್ತು.

"ಅದು ಹಗ್ಗದ ಸಾಲಲ್ಲಿರ್ಲಿಲ್ಲ, ಅಜ್ಜ. ನಮಗೆ ಇಷ್ಟ ಆಗಿದ್ದನ್ನೇ ಎಣಿಸಿದ್ರೆ ಅದು ಲೆಕ್ಕ ಆಗಲ್ಲ."

ಆರು ಸಾಲಿಗೂ ಗೆರೆ ಎಳೆದಳು. ಕೆಳಗೆ ಬೇರೆಯಾಗಿ ಬರೆದಳು: ಸಾಲಿನ ಹೊರಗೆ, ಬಂಡೆಯ ನೆರಳಿನಲ್ಲಿ, ಕಂದು ಹವಳ ಒಂದು. ಕಾಗದದ ಫೋಟೋ ತೆಗೆದು ಕಳಿಸಿದಳು.

ಮಳೆಯಲ್ಲಿ ಕಡಲು ಕಾಣುತ್ತಿರಲಿಲ್ಲ.

"ಯಾವ ಬಂಡೆ ಅದು?" ತಿಬುರ್ಸಿಯೊ ಕೇಳಿದ.

ಅವಳು ಹೇಳಿದಳು.

"ಸರಿ," ಎಂದ ಅವನು, ಮುರಿದ ಬಿದಿರಿಗೆ ಹುರಿ ಸುತ್ತುತ್ತ. "ಇನ್ಮೇಲೆ ಅಲ್ಲಿ ಲಂಗರು ಹಾಕಲ್ಲ."